ಊರಿಗೆಲ್ಲ ಬಡಿಸುವವರ ಊಟ

"ನಿಮ್ಮ ಯಜಮಾನರು ಹೋಟೆಲಿನಲ್ಲಿರೋದಲ್ವೇ? ನಿಮಗೇನು ಬಿಡಿ, ಊಟ ತಿಂಡಿ ಚಿಂತೆಯೇ ಇಲ್ಲ!"

ಮದುವೆಯಾದ ಲಾಗಾಯ್ತು ಈ ಮಾತು ಕೇಳಿ ಕೇಳಿ ನನಗೂ ಅದೇ ನಿಜವೆನಿಸಿಬಿಟ್ಟಿತ್ತು. ನಮ್ಮನೆಯವರು ಬೆಂಗಳೂರಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸಪ್ಲೈಯರ್. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ಲೋಟ ತೊಳೆಯುವ ಕೆಲಸದಿಂದ ಶುರು ಮಾಡಿದವರು. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ಬರುವುದು ಸಂಜೆ ಆರಕ್ಕೆ. ಅವರ ಹೊಟ್ಟೆಯ ಯೋಚನೆ ನಾನು ಯಾವತ್ತೂ ಮಾಡಿದವಳಲ್ಲ.

ಎರಡು ವರ್ಷದ ಕೆಳಗೆ ಒಂದು ಭಾನುವಾರ, ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ, ಕೈಯಲ್ಲಿ ದೋಸೆ ತಟ್ಟೆಗಳನ್ನು ಹಿಡಿದಿದ್ದ ಇವರು ತಲೆ ಸುತ್ತಿ ಕುಸಿದು ಕೂತರಂತೆ. ಮಾರನೆಯ ದಿನ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ 168! 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕವಂತೆ. ಇನ್ನೊಂದು ಸಲ ಪರೀಕ್ಷೆ ಮಾಡಿಸಿದರೂ ಅದೇ ಕಥೆ.

"ದಿನಾ ಏನೇನು ತಿಂತೀರಿ?" ಡಾಕ್ಟರು ಕೇಳಿದರು.

"ಏನೂ ತಿನ್ನೋದೇ ಇಲ್ಲ ಡಾಕ್ಟ್ರೇ. ಮಧ್ಯಾಹ್ನ ಒಂದು ಊಟ, ಅಷ್ಟೆ."

ಇವರು ಸುಳ್ಳು ಹೇಳುವವರಲ್ಲ. ಹಾಗಾದರೆ ಎಲ್ಲಿ ಎಡವಟ್ಟಾಯಿತು? ಮನೆಗೆ ಬಂದು ನಾನೊಂದು ಉಪಾಯ ಹೇಳಿದೆ. "ರೀ, ಒಂದು ವಾರ ಬಾಯಿಗೆ ಹಾಕ್ಕೊಂಡಿದ್ದನ್ನೆಲ್ಲ ಬಿಲ್ ಚೀಟಿ ಹಿಂದೆ ಬರ್ಕೊಂಡು ಬನ್ನಿ. ಒಂದು ತುಣುಕಾದ್ರೂ ಬಿಡಬೇಡಿ." ಮೊದಲು ನಕ್ಕರು. ಆಮೇಲೆ ಬರೆದರು.

ಒಂದು ದಿನದ ಚೀಟಿ ಹೀಗಿತ್ತು: ಐದೂವರೆಗೆ ಕಾಫಿ. ಏಳಕ್ಕೆ ಕಾವಲಿಯಲ್ಲಿ ಹರಿದುಹೋದ ಅರ್ಧ ದೋಸೆ. ಎಂಟಕ್ಕೆ ಕಾಫಿ, ಜೊತೆಗೆ ಒಂದು ಬೋಂಡ. ಹತ್ತಕ್ಕೆ ತಣ್ಣಗಾದ ವಡೆ. ಹತ್ತೂವರೆಗೆ ಕಾಫಿ. ಹನ್ನೆರಡಕ್ಕೆ ಮೈಸೂರು ಪಾಕಿನ ಪುಡಿ ಒಂದು ಹಿಡಿ. ಒಂದಕ್ಕೆ ಹಸಿವು ಕಟ್ಟಲು ಕಾಫಿ. ಮೂರೂಮುಕ್ಕಾಲಿಗೆ ಊಟ, ತಟ್ಟೆ ತುಂಬ ಅನ್ನ, ಅದರ ಮೇಲೆ ಸಾಂಬಾರು, ಪಲ್ಯ ಖಾಲಿ. ನಾಲ್ಕಕ್ಕೆ ಕಾಫಿ. ಐದೂವರೆಗೆ ಮತ್ತೊಂದು. ಊಟ ಬಿಟ್ಟು ಮಿಕ್ಕಿದ್ದೆಲ್ಲ ನಿಂತುಕೊಂಡೇ!

ಆರು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಹಿಡಿದರೂ ಕಾಫಿಯಲ್ಲೇ 60 ಗ್ರಾಂ ಆಯಿತು. ಸೇರಿಸಿಕೊಳ್ಳುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂಗೆ ಇಳಿದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಚೀಟಿ ನೋಡಿ ಇವರೇ ಪೆಚ್ಚಾದರು. "ತಟ್ಟೆ ಹಾಕ್ಕೊಂಡು ಕೂತಿದ್ದು ಮಾತ್ರ ಊಟ ಅಂದ್ಕೊಂಡಿದ್ದೆ ಕಣೇ" ಎಂದರು.

ಕೆಲಸ ಬಿಡಿ ಅನ್ನಲು ಬಾಯಿ ಬರಲಿಲ್ಲ. ಮಗಳು ಪಿಯುಸಿ, ಮನೆ ಬಾಡಿಗೆಯದು. ಹೋಟೆಲಿನಲ್ಲಿ ಇದ್ದುಕೊಂಡೇ ದಾರಿ ಹುಡುಕಬೇಕಿತ್ತು. ಯೋಚಿಸಿ ನೋಡಿದರೆ ಹೋಟೆಲಿನಲ್ಲಿ ಇಲ್ಲದ್ದೇನು? ಇಡ್ಲಿ ಹಬೆಯಲ್ಲಿ ಬೇಯುವಂಥದ್ದು. ಸಾಂಬಾರಿನಲ್ಲಿ ಬೇಳೆ, ತರಕಾರಿ. ಕೋಸಂಬರಿ, ಮಜ್ಜಿಗೆ ಎಲ್ಲವೂ ಇದೆ. ತಪ್ಪಿದ್ದು ಹೊತ್ತು ಮತ್ತು ತಟ್ಟೆ. ನಾವು ಮಾಡಿಕೊಂಡ ಬದಲಾವಣೆಗಳು ಇವು:

1. ಬರಿ ಹೊಟ್ಟೆಯಲ್ಲಿ ಮನೆ ಬಿಡುವ ಹಾಗಿಲ್ಲ. ಹೊರಡುವ ಮುಂಚೆ ಒಂದು ದೊಡ್ಡ ಲೋಟ ರಾಗಿ ಅಂಬಲಿ.

2. ಹತ್ತೂವರೆಗೆ ಗಿರಾಕಿ ಕಮ್ಮಿಯಾದಾಗ ತಟ್ಟೆಯಲ್ಲಿ ಎರಡು ಇಡ್ಲಿ, ಬಟ್ಟಲು ತುಂಬ ತರಕಾರಿ ಸಾಂಬಾರು. ಹತ್ತು ನಿಮಿಷ ಕೂತೇ ತಿನ್ನಬೇಕು. ನಿಂತು ಬಾಯಿಗೆ ಹಾಕುವ ತುಣುಕು ಬಂದ್.

3. ಕಾಫಿ ಮೂರೇ, ಸಕ್ಕರೆ ಇಲ್ಲದೆ. ಊಟಕ್ಕೆ ಮುಂಚೆ ಒಂದು ಗಂಟೆ, ಆಮೇಲೆ ಒಂದು ಗಂಟೆ ಕಾಫಿ ಬೇಡ; ಅದರಲ್ಲಿರುವ ಒಗರು ಅಂಶ ಊಟದ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಬಾಯಾರಿದರೆ ನೀರು, ಇಲ್ಲವೇ ನೀರು ಮಜ್ಜಿಗೆ.

4. ತನ್ನ ಪಾಲಿನ ಪಲ್ಯ, ಕೋಸಂಬರಿಯನ್ನು ಹನ್ನೆರಡಕ್ಕೇ ಡಬ್ಬಿಗೆ ಎತ್ತಿಡಬೇಕು. ಊಟಕ್ಕೆ ಕೂತಾಗ ಮೊದಲು ಅದು, ಆಮೇಲೆ ಮೊದಲಿನ ಅರ್ಧದಷ್ಟು ಅನ್ನ.

5. ಕರಿದದ್ದು ವಾರಕ್ಕೊಮ್ಮೆ, ಅದೂ ಹೊಸ ಎಣ್ಣೆ ಹಾಕಿದ ದಿನ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕೆಡುತ್ತದೆ; ಎಷ್ಟು ಕೆಟ್ಟರೆ ಚೆಲ್ಲಬೇಕೆಂದು 2018ರಿಂದ ಸರ್ಕಾರದ ನಿಯಮವೇ ಇದೆ.

ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಒಂದು ಎಚ್ಚರಿಕೆಯ ಮಾತು. ಕೆಲವು ಮಾತ್ರೆ ನುಂಗಿ ಊಟ ತಡ ಮಾಡಿದರೆ ಸಕ್ಕರೆ ಇದ್ದಕ್ಕಿದ್ದಂತೆ ಇಳಿದು ಕೈ ನಡುಗಿ, ಬೆವತು, ಕಣ್ಣು ಕತ್ತಲೆ ಬರಬಹುದು. ನಿಮ್ಮ ಮಾತ್ರೆ ಅಂಥದ್ದೇ ಎಂದು ಡಾಕ್ಟರನ್ನು ಕೇಳಿಕೊಳ್ಳಿ. ಇವರ ಜೇಬಿನಲ್ಲಿ ಯಾವಾಗಲೂ ಸಕ್ಕರೆಯ ಸಣ್ಣ ಪೊಟ್ಟಣವಿರುತ್ತದೆ.

ಕೂತು ತಿನ್ನಲು ಹತ್ತು ನಿಮಿಷ ಸಿಗುವುದೇ ಕಷ್ಟವಾಗಿತ್ತು. ಧೈರ್ಯ ಮಾಡಿ ಮಾಲೀಕರ ಹತ್ತಿರ ಇವರೇ ಮಾತಾಡಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರದಿ ಮೇಲೆ ಹೋಗ್ರಪ್ಪಾ, ಎಲ್ರೂ ಒಟ್ಟಿಗೆ ಬೇಡ" ಎಂದರಂತೆ. ಈಗ ದೋಸೆ ಭಟ್ಟರೂ, ಕ್ಲೀನರ್ ಹುಡುಗರೂ ಸರದಿಯಲ್ಲಿ ಕೂತು ತಿನ್ನುತ್ತಾರೆ.

ಮಾತ್ರೆ ನಿಂತಿಲ್ಲ, ಆದರೆ ಆರು ತಿಂಗಳಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 118ಕ್ಕೆ ಇಳಿಯಿತು. ಭಾನುವಾರದ ಗಲಾಟೆಯಲ್ಲಿ ಈಗಲೂ ಒಮ್ಮೊಮ್ಮೆ ಪಥ್ಯ ತಪ್ಪುತ್ತದೆ. ಸುಳ್ಳು ಹೇಳಲಾರೆ.

ಅಂಬಲಿ ಮಾಡುವ ವಿಧಾನ (ಒಬ್ಬರಿಗೆ): ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. ಒಂದು ಲೋಟ ನೀರು ಕುದಿಯುವಾಗ ಇದನ್ನು ಸುರಿದು, ಐದಾರು ನಿಮಿಷ ಕೈಬಿಡದೆ ತಿರುವಿ. ಆರಿದ ಮೇಲೆ ಅರ್ಧ ಲೋಟ ಮಜ್ಜಿಗೆ, ಚಿಟಿಕೆ ಉಪ್ಪು, ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು ಸೇರಿಸಿ. ರಾತ್ರಿಯೇ ಬೇಯಿಸಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಮಜ್ಜಿಗೆ ಬೆರೆಸಿದರೂ ಆದೀತು.

ಸೋದರಿಯರೇ, ನಿಮ್ಮ ಯಜಮಾನರೋ, ಮಗನೋ, ತಮ್ಮನೋ ಹೋಟೆಲಿನಲ್ಲಿದ್ದರೆ "ಊಟ ಆಯ್ತಾ?" ಎಂದು ಕೇಳಿ ಸುಮ್ಮನಾಗಬೇಡಿ. ಎಷ್ಟು ಹೊತ್ತಿಗಾಯ್ತು, ಕೂತು ಉಂಡಿರಾ ಎಂದೂ ಕೇಳಿ. ನಾನು ಇಷ್ಟು ವರ್ಷ ಕೇಳಿರಲಿಲ್ಲ.