ಬರೆಯದೆ ಉಳಿದಿದ್ದ ಎಲ್ಲೆ

1965ರ ಫೆಬ್ರವರಿಯಲ್ಲಿ ಜರ್ಮನಿಯ ವಿದ್ವಾಂಸರೊಬ್ಬರು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕಾನೂನು ವಿಭಾಗಕ್ಕೆ ಉಪನ್ಯಾಸ ಕೊಡಲು ಬಂದರು. ಹೆಸರು ಡೀಟ್ರಿಶ್ ಕಾನ್ರಾಡ್, ಊರು ಹೈಡೆಲ್‌ಬರ್ಗ್. ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೆ ಒಳಗಿನಿಂದಲೇ ಒಂದು ಮಿತಿ ಇರುತ್ತದೆಯೇ ಎಂಬುದು ಅವರ ವಿಷಯವಾಗಿತ್ತು. ಅವರು ಸಿದ್ಧಾಂತ ಹೇಳುವುದಕ್ಕೆ ಮುಂಚೆ ಪ್ರಶ್ನೆಗಳನ್ನು ಸಾಲಾಗಿ ಇಟ್ಟರು. ಸಂಸತ್ತು ಮೂರನೇ ಎರಡು ಬಹುಮತದಿಂದ ಒಂದನೇ ವಿಧಿಯನ್ನು ತಿದ್ದಿ ಭಾರತವನ್ನು ಎರಡು ಹೋಳು ಮಾಡಬಹುದೇ? ಜೀವಕ್ಕೂ ಸ್ವಾತಂತ್ರ್ಯಕ್ಕೂ ರಕ್ಷಣೆ ಕೊಡುವ 21ನೇ ವಿಧಿಯನ್ನು ಅಳಿಸಬಹುದೇ? ಬಹುಮತ ಕೈಜಾರುತ್ತಿರುವ ಪಕ್ಷವೊಂದು, ಇನ್ನು ಮುಂದೆ ಪ್ರಧಾನಿಯ ಸಲಹೆಯ ಮೇರೆಗೆ ರಾಷ್ಟ್ರಪತಿಯೇ ಸಂವಿಧಾನ ತಿದ್ದಬಹುದೆಂದು ಬರೆದಿಡಬಹುದೇ? ಎಲ್ಲವನ್ನೂ ರದ್ದು ಮಾಡಿ ಮೊಘಲ್ ಬಾದಶಹನ ಆಳ್ವಿಕೆಯನ್ನು ಮರಳಿ ತರಬಹುದೇ?

ಇವು ತರಗತಿಯಲ್ಲಿ ಹೊತ್ತು ಕಳೆಯಲು ಹುಟ್ಟಿಸಿದ ಪ್ರಶ್ನೆಗಳಾಗಿರಲಿಲ್ಲ. 1933ರ ಮಾರ್ಚ್‌ನಲ್ಲಿ ಜರ್ಮನಿಯ ಸಂಸತ್ತು ವೈಮಾರ್ ಸಂವಿಧಾನದ ತಿದ್ದುಪಡಿಗೆ ಬೇಕಾದ ಮೂರನೇ ಎರಡು ಬಹುಮತವನ್ನು ಒಟ್ಟುಮಾಡಿಕೊಂಡೇ ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರನ ಸರಕಾರಕ್ಕೆ ಒಪ್ಪಿಸಿತ್ತು. ಪ್ರಜಾಪ್ರಭುತ್ವ ತನ್ನದೇ ನಿಯಮಾವಳಿಯ ಮೂಲಕ ಮುಗಿದುಹೋಗಿತ್ತು. ಆ ಗಾಯದ ನೆನಪಿನಲ್ಲಿಯೇ 1949ರ ಪಶ್ಚಿಮ ಜರ್ಮನಿಯ ಮೂಲ ಕಾನೂನು, ಕೆಲವು ತತ್ವಗಳನ್ನು ಯಾವ ತಿದ್ದುಪಡಿಯೂ ಮುಟ್ಟುವಂತಿಲ್ಲವೆಂದು 79ನೇ ವಿಧಿಯಲ್ಲಿ ಸ್ಪಷ್ಟವಾಗಿ ಬರೆದುಕೊಂಡಿತು. ಭಾರತದ ಸಂವಿಧಾನದಲ್ಲಿ ಅಂಥ ಸಾಲು ಎಲ್ಲಿಯೂ ಇರಲಿಲ್ಲ. ತಿದ್ದುವ ವಿಧಾನವನ್ನು ಹೇಳುವ 368ನೇ ವಿಧಿ, ಎಲ್ಲಿಯವರೆಗೆ ತಿದ್ದಬಹುದು ಎಂಬ ಮಾತಿಗೆ ಮೌನವಾಗಿತ್ತು.

ಮೌನವೆಂದರೆ ಒಪ್ಪಿಗೆ ಎಂದೇ ದೆಹಲಿ ಭಾವಿಸಿತ್ತು. ಗಣರಾಜ್ಯಕ್ಕೆ ಒಂದೂವರೆ ವರ್ಷ ತುಂಬುವ ಮೊದಲೇ, 1951ರ ಜೂನ್‌ನಲ್ಲಿ ಮೊದಲ ತಿದ್ದುಪಡಿ ಬಂತು. ಜಮೀನ್ದಾರಿ ರದ್ದತಿಯ ಕಾಯ್ದೆಗಳು ನ್ಯಾಯಾಲಯಗಳಲ್ಲಿ ಮುಗ್ಗರಿಸುತ್ತಿದ್ದವು. ಅವುಗಳನ್ನು ಉಳಿಸಲು ಒಂಬತ್ತನೇ ಅನುಸೂಚಿ ಎಂಬ ಹೊಸ ಕೋಣೆಯನ್ನು ಕಟ್ಟಲಾಯಿತು. ಅದರೊಳಗೆ ಸೇರಿದ ಕಾಯ್ದೆ ಮೂಲಭೂತ ಹಕ್ಕಿಗೆ ವಿರುದ್ಧವೆಂದು ಯಾರೂ ದೂರುವಂತಿರಲಿಲ್ಲ. ಅದೇ ವರ್ಷ ಶಂಕರಿ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳೂ ಇದನ್ನು ಒಪ್ಪಿದರು. 1964ರ 17ನೇ ತಿದ್ದುಪಡಿ ಒಂದೇ ಏಟಿಗೆ 44 ಕಾಯ್ದೆಗಳನ್ನು ಆ ಕೋಣೆಗೆ ಸೇರಿಸಿತು.

ಆದರೆ ಆ ತಿದ್ದುಪಡಿಯನ್ನು ಪ್ರಶ್ನಿಸಿದ ಸಜ್ಜನ್ ಸಿಂಗ್ ಪ್ರಕರಣದಲ್ಲಿ ಮೊದಲ ಬಿರುಕು ಕಾಣಿಸಿತು. ಸರಕಾರ ಗೆದ್ದರೂ ನ್ಯಾಯಮೂರ್ತಿಗಳಾದ ಹಿದಾಯತುಲ್ಲಾ ಮತ್ತು ಮುಧೋಳ್ಕರ್ ತಮ್ಮ ಅನುಮಾನವನ್ನು ಬರೆದಿಟ್ಟರು. ಸಂವಿಧಾನದ ಒಂದು ಮೂಲ ಲಕ್ಷಣವನ್ನೇ ಬದಲಿಸಿದರೆ ಅದು ತಿದ್ದುಪಡಿಯೇ ಅಥವಾ ಹೊಸದಾಗಿ ಬರೆಯುವುದೇ ಎಂದು ಮುಧೋಳ್ಕರ್ ಕೇಳಿದರು. ಈ ಮಾತಿಗೆ ಅವರಿಗೆ ಬೆಂಬಲ ಸಿಕ್ಕಿದ್ದು ಯಾರೂ ಎಣಿಸದ ಕಡೆಯಿಂದ. ಹಿಂದಿನ ವರ್ಷವಷ್ಟೇ ಪಾಕಿಸ್ತಾನದ ಸುಪ್ರೀಂ ಕೋರ್ಟು, ಅಲ್ಲಿನ ರಾಷ್ಟ್ರಪತಿ ತಮ್ಮ ಆದೇಶದಿಂದ ಸಂವಿಧಾನದ ಮೂಲ ಲಕ್ಷಣವನ್ನು ಬದಲಿಸುವಂತಿಲ್ಲವೆಂದು ತೀರ್ಪು ಕೊಟ್ಟಿತ್ತು. ಮುಧೋಳ್ಕರ್ ಆ ತೀರ್ಪನ್ನು ಉಲ್ಲೇಖಿಸಿ, ಪ್ರಶ್ನೆಯನ್ನು ಉತ್ತರವಿಲ್ಲದೆ ಬಿಟ್ಟರು.

ಬನಾರಸಿನ ಉಪನ್ಯಾಸ ಇದಾದ ಕೆಲವೇ ತಿಂಗಳಿಗೆ ನಡೆಯಿತು. ಅಲ್ಲಿಗೇ ಮುಗಿದು ವಿಶ್ವವಿದ್ಯಾಲಯದ ಕಡತಗಳಲ್ಲಿ ಅದು ಮರೆಯಾಗಬಹುದಿತ್ತು. ಆದರೆ ಅದರ ಸುದ್ದಿ ಎಂ.ಕೆ. ನಂಬಿಯಾರರನ್ನು ತಲುಪಿತು. ಮಂಗಳೂರಿನಲ್ಲಿ ವಕೀಲಿ ಆರಂಭಿಸಿ ಮದ್ರಾಸಿಗೂ ದೆಹಲಿಗೂ ಬೆಳೆದ ನಂಬಿಯಾರರಿಗೆ ದೊಡ್ಡ ಸೋಲೊಂದರ ಅನುಭವವಿತ್ತು. 1950ರಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಪರವಾಗಿ 21ನೇ ವಿಧಿಯ ವಿಶಾಲ ಅರ್ಥವನ್ನು ವಾದಿಸಿದವರು, ಸೋತವರು ಅವರೇ. ಈಗ ಪಂಜಾಬಿನ ಜಲಂಧರಿನ ಗೋಲಕನಾಥ ಕುಟುಂಬ ತನ್ನ ಜಮೀನಿಗಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ, ನಂಬಿಯಾರರು ಕಾನ್ರಾಡರ ಪ್ರಶ್ನೆಗಳನ್ನು 11 ನ್ಯಾಯಮೂರ್ತಿಗಳ ಮುಂದೆ ಇಟ್ಟರು.

1967ರ ಫೆಬ್ರವರಿ 27ರಂದು ತೀರ್ಪು ಬಂತು. ಆರಕ್ಕೆ ಐದು. ಮೂಲಭೂತ ಹಕ್ಕುಗಳನ್ನು ಮೊಟಕು ಮಾಡುವ ತಿದ್ದುಪಡಿ ಇನ್ನು ಸಲ್ಲದೆಂದು ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್ ಸಾರಿದರು. ಆದರೆ ಅವರು ಹಿಡಿದ ದಾರಿ ಬೇರೆ: ತಿದ್ದುಪಡಿಯೂ ಒಂದು ಕಾನೂನೇ, ಹಕ್ಕುಗಳನ್ನು ಕಸಿಯುವ ಕಾನೂನನ್ನು 13ನೇ ವಿಧಿ ತಡೆಯುತ್ತದೆ ಎಂಬುದು. ನಂಬಿಯಾರರ ವಾದದಲ್ಲಿ ಬಲವಿದೆ ಎಂದಷ್ಟೇ ಹೇಳಿ, ಅದನ್ನು ಈಗ ತೀರ್ಮಾನಿಸುವ ಅಗತ್ಯವಿಲ್ಲವೆಂದು ಬದಿಗಿಟ್ಟರು. ಹಳೆಯ ತಿದ್ದುಪಡಿಗಳೆಲ್ಲ ಹಾಗೆಯೇ ಉಳಿಯುತ್ತವೆ, ತೀರ್ಪು ಮುಂದಕ್ಕೆ ಮಾತ್ರ ಅನ್ವಯ ಎಂದೂ ಹೇಳಿದ್ದರಿಂದ ಗೋಲಕನಾಥರಿಗೆ ಜಮೀನು ದಕ್ಕಲಿಲ್ಲ.

ಈ ಗೋಡೆ ಅತಿ ಬಿಗಿಯಾಗಿತ್ತು, ಆದ್ದರಿಂದಲೇ ಬಾಳಲಿಲ್ಲ. ಉಳುವವನಿಗೆ ಭೂಮಿ ಕೊಡಬೇಕಾದ ದೇಶದಲ್ಲಿ ಆಸ್ತಿಯ ಹಕ್ಕಿನ ಒಂದು ಅಕ್ಷರವನ್ನೂ ಮುಟ್ಟಬಾರದೆಂದರೆ ಜನ ಒಪ್ಪುವುದು ಕಷ್ಟವಿತ್ತು. 1971ರ ಚುನಾವಣೆಯಲ್ಲಿ ಭಾರಿ ಬಹುಮತದಿಂದ ಮರಳಿದ ಇಂದಿರಾ ಗಾಂಧಿ ಅದೇ ವರ್ಷ 24ನೇ ತಿದ್ದುಪಡಿ ತಂದರು. ಮೂಲಭೂತ ಹಕ್ಕುಗಳೂ ಸೇರಿದಂತೆ ಯಾವ ಭಾಗವನ್ನಾದರೂ ತಿದ್ದುವ ಅಧಿಕಾರ ಸಂಸತ್ತಿಗಿದೆ ಎಂದು ಅದು ಬರೆಯಿತು. ಇಪ್ಪತ್ತು ವರ್ಷಗಳ ವಾದವೆಲ್ಲ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿತು.

ಅಷ್ಟರಲ್ಲಿ ಕಾಸರಗೋಡಿನ ಎಡನೀರಿನಿಂದ ಒಂದು ಅರ್ಜಿ ದೆಹಲಿ ತಲುಪಿತ್ತು. ಹಳೆಯ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡು 1956ರಲ್ಲಿ ಕೇರಳಕ್ಕೆ ಹೋಗಿತ್ತು. ಕೇರಳದ ಭೂಸುಧಾರಣಾ ಕಾಯ್ದೆಯಿಂದ ಎಡನೀರು ಮಠದ ಭೂಮಿ ಕೈಬಿಡುವ ಸ್ಥಿತಿ ಬಂದಾಗ, ಪೀಠಾಧಿಪತಿ ಕೇಶವಾನಂದ ಭಾರತಿ ಸ್ವಾಮೀಜಿ 1970ರ ಮಾರ್ಚ್‌ನಲ್ಲಿ ರಿಟ್ ಅರ್ಜಿ ಹಾಕಿದರು. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಸಂಗೀತವನ್ನೂ ಯಕ್ಷಗಾನವನ್ನೂ ಪ್ರೀತಿಸುತ್ತಿದ್ದ ಆ ಯತಿಗಳು ಕೇಳಿದ್ದು ಮಠದ ಧಾರ್ಮಿಕ ಹಕ್ಕನ್ನೂ ಮಠದ ಜಮೀನನ್ನೂ. ವಿಚಾರಣೆಗೆ ಕಾಯುತ್ತಿದ್ದಾಗಲೇ 24, 25 ಮತ್ತು 29ನೇ ತಿದ್ದುಪಡಿಗಳು ಬಂದವು. ಮಠದ ಜಮೀನಿನ ವ್ಯಾಜ್ಯದ ಬೆನ್ನಿಗೆ ಸಂವಿಧಾನದ ಬಹುದೊಡ್ಡ ಪ್ರಶ್ನೆ ಬಂದು ಅಂಟಿಕೊಂಡಿತು.

ಗೋಲಕನಾಥ ಪೀಠಕ್ಕಿಂತ ದೊಡ್ಡ ಪೀಠ ಬೇಕಿತ್ತು. 13 ನ್ಯಾಯಮೂರ್ತಿಗಳು ಕೂತರು. ಅಷ್ಟು ದೊಡ್ಡ ಪೀಠ ಹಿಂದೆ ಕೂತಿರಲಿಲ್ಲ. 1972ರ ಅಕ್ಟೋಬರ್ 31ರಂದು ಶುರುವಾದ ವಿಚಾರಣೆ 68 ದಿನ ನಡೆಯಿತು. ಸ್ವಾಮೀಜಿಯ ಪರ ನಾನಿ ಪಾಲ್ಖಿವಾಲಾ ಮೂವತ್ತು ದಿನಕ್ಕೂ ಹೆಚ್ಚು ವಾದಿಸಿದರು. ಎದುರಿಗೆ ಕೇರಳದ ಪರ ಎಚ್.ಎಂ. ಸೀರ್ವಾಯಿ, ಕೇಂದ್ರದ ಪರ ನಿರೇನ್ ಡೇ. ಹೊರಗೆ ಕಾಲ ಓಡುತ್ತಿತ್ತು. ಮುಖ್ಯ ನ್ಯಾಯಮೂರ್ತಿ ಸಿಕ್ರಿ ಏಪ್ರಿಲ್ ಕೊನೆಯಲ್ಲಿ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ತೀರ್ಪು ಬಾರದಿದ್ದರೆ ಎಲ್ಲವೂ ಹೊಸದಾಗಿ ಆಗಬೇಕಿತ್ತು. ಮಾರ್ಚ್‌ನಲ್ಲಿ ನ್ಯಾಯಮೂರ್ತಿ ಬೇಗ್ ಕಾಯಿಲೆ ಬಿದ್ದಾಗ ವಿಚಾರಣೆಯೇ ನಿಲ್ಲುವ ಭಯ ಹುಟ್ಟಿತು. ಕೊನೆಗೂ ಮಾರ್ಚ್ 23ಕ್ಕೆ ವಾದ ಮುಗಿಯಿತು. ಉಳಿದದ್ದು ಒಂದು ತಿಂಗಳು. ಬರೆದ ತೀರ್ಪುಗಳನ್ನು ಪರಸ್ಪರ ಓದಿ ಚರ್ಚಿಸಲು ನ್ಯಾಯಮೂರ್ತಿಗಳಿಗೆ ಪುರಸೊತ್ತೇ ಸಿಗಲಿಲ್ಲ.

1973ರ ಏಪ್ರಿಲ್ 24ರಂದು 11 ಪ್ರತ್ಯೇಕ ತೀರ್ಪುಗಳು ಹೊರಬಂದವು. ಸಿಕ್ರಿ, ಶೆಲಾತ್, ಗ್ರೋವರ್, ಜಗನ್ಮೋಹನ ರೆಡ್ಡಿ, ಮುಖರ್ಜಿ ಮತ್ತು ಕಾರ್ಕಳದ ಕೌಡೂರಿನ ಕೆ.ಎಸ್. ಹೆಗ್ಡೆ, ಈ ಆರು ಮಂದಿ ತಿದ್ದುಪಡಿಯ ಅಧಿಕಾರಕ್ಕೆ ಮಿತಿಯಿದೆ ಎಂದರು. ಇನ್ನಾರು ಮಂದಿ ಅಂಥ ಮಿತಿಯನ್ನು ಒಪ್ಪಲಿಲ್ಲ. ತಕ್ಕಡಿ ಸಮನಾಗಿ ನಿಂತಾಗ ಉಳಿದದ್ದು ಎಚ್.ಆರ್. ಖನ್ನಾ ಅವರ ತೀರ್ಪು. ಅವರು ಎರಡೂ ಗುಂಪಿಗೆ ಪೂರ್ತಿ ಸೇರಲಿಲ್ಲ. ಸಂಸತ್ತು ಆಸ್ತಿಯ ಹಕ್ಕನ್ನೂ ತಿದ್ದಬಹುದು, ಯಾವ ವಿಧಿಯನ್ನೂ ತಿದ್ದಬಹುದು; ಆದರೆ ತಿದ್ದಿದ ಮೇಲೂ ಅದು ಅದೇ ಸಂವಿಧಾನವಾಗಿ ಉಳಿಯಬೇಕು, ಅದರ ಮೂಲ ಸಂರಚನೆ ಅಳಿಯಬಾರದು ಎಂದು ಬರೆದರು. ಬರೆಯುವಾಗ ಅವರು ಆಧಾರವಾಗಿ ಹೆಸರಿಸಿದವರಲ್ಲಿ ಹೈಡೆಲ್‌ಬರ್ಗಿನ ಕಾನ್ರಾಡ್ ಒಬ್ಬರು. ಏಳಕ್ಕೆ ಆರು. ಬಹುಮತದ ಸಾರಾಂಶವನ್ನು ಒಂದು ಹಾಳೆಯಲ್ಲಿ ಬರೆದು ಸುತ್ತಿಸಿದಾಗ ಒಂಬತ್ತು ಮಂದಿ ಮಾತ್ರ ಸಹಿ ಹಾಕಿದರು.

ಬೆಲೆ ತೆರಬೇಕಾದ ಗಳಿಗೆ ಮರುದಿನವೇ ಬಂತು. ಹಿರಿತನದಲ್ಲಿ ಮುಂದಿದ್ದ ಶೆಲಾತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ, ಸರಕಾರದ ಪರ ತೀರ್ಪು ಬರೆದಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಸ್ವಾಮೀಜಿಗೂ ಅವರು ಕೇಳಿದ್ದು ಸಿಗಲಿಲ್ಲ. ಕೇರಳದ ಕಾಯ್ದೆಗಳಿಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿ ಉಳಿಯಿತು.

ಒಂದೇ ಮತದ ಅಂತರದಲ್ಲಿ ಹುಟ್ಟಿದ ತತ್ವ ಬಾಳೀತೆಂದು ನಂಬುವುದು ಕಷ್ಟವಿತ್ತು. 1975ರ ಜೂನ್‌ನಲ್ಲಿ ಅಲಹಾಬಾದ್ ಹೈಕೋರ್ಟು ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿತು. ಸುಪ್ರೀಂ ಕೋರ್ಟಿನಲ್ಲಿ ಅವರ ಪರ ನಿಂತಿದ್ದವರು ಪಾಲ್ಖಿವಾಲಾ ಅವರೇ. ತುರ್ತುಪರಿಸ್ಥಿತಿ ಘೋಷಣೆಯಾದ ಕೂಡಲೇ ಅವರು ವಕಾಲತ್ತನ್ನು ಮರಳಿಸಿದರು. ಆಗಸ್ಟ್‌ನಲ್ಲಿ 39ನೇ ತಿದ್ದುಪಡಿ ಬಂದು, ಪ್ರಧಾನಿಯ ಚುನಾವಣೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲವೆಂದಿತು. ಆ ಪ್ರಕರಣ ಕೇಳಿದ ಐವರಲ್ಲಿ ಖನ್ನಾ ಒಬ್ಬರನ್ನು ಬಿಟ್ಟರೆ ಉಳಿದ ನಾಲ್ವರೂ 1973ರಲ್ಲಿ ಮಿತಿಯನ್ನು ಒಪ್ಪದವರು. ಆದರೂ ನವೆಂಬರ್ 7ರಂದು ಆ ಕಲಮು ಬಿದ್ದುಹೋಯಿತು. ಅಂದು ಸೋತಿದ್ದ ಮ್ಯಾಥ್ಯೂ, ಚಂದ್ರಚೂಡ್ ಅವರೂ ಅದನ್ನು ಎತ್ತಿಹಿಡಿಯಲಿಲ್ಲ. ಕೇಶವಾನಂದ ತೀರ್ಪಿನ ನಂತರ ಸಂಸತ್ತು ಮಾಡಿದ ಸಂವಿಧಾನ ತಿದ್ದುಪಡಿಯೊಂದು ಮೂಲ ಸಂರಚನೆಯ ಹೆಸರಿನಲ್ಲಿ ಉರುಳಿದ್ದು ಅದೇ ಮೊದಲು. ಪ್ರಧಾನಿಯ ಆಯ್ಕೆಯನ್ನು ಮಾತ್ರ ನ್ಯಾಯಾಲಯ ಚುನಾವಣಾ ಕಾನೂನಿನ ಆಧಾರದ ಮೇಲೆ ಉಳಿಸಿತು.

ಮೂರೇ ದಿನದಲ್ಲಿ ಮುಖ್ಯ ನ್ಯಾಯಮೂರ್ತಿ ರೇ ಮತ್ತೆ 13 ಮಂದಿಯ ಪೀಠ ರಚಿಸಿದರು. ಕೇಶವಾನಂದ ತೀರ್ಪನ್ನು ಮರುಪರಿಶೀಲಿಸಬೇಕೆಂಬುದು ಅವರ ಉದ್ದೇಶ. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿದ್ದ, ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದ ದಿನಗಳವು. ಪಾಲ್ಖಿವಾಲಾ ಎದ್ದು ನಿಂತು ಎರಡು ದಿನ ವಾದಿಸಿದರು. ಆ ವಾಗ್ಝರಿಯನ್ನು ಮೀರಿಸಿದ್ದನ್ನು ಆ ನ್ಯಾಯಾಲಯ ಕೇಳಿಲ್ಲವೆಂಬ ಅರ್ಥದಲ್ಲಿ ಖನ್ನಾ ಮುಂದೆ ನೆನೆದರು. ಮರುಪರಿಶೀಲನೆ ಬೇಕೆಂದು ಅರ್ಜಿ ಹಾಕಿದವರು ಯಾರು ಎಂಬ ಪ್ರಶ್ನೆ ಎದ್ದಾಗ ನೇರ ಉತ್ತರವೂ ಸಿಗಲಿಲ್ಲ. ನವೆಂಬರ್ 12ರಂದು ರೇ ಪೀಠವನ್ನು ವಿಸರ್ಜಿಸಿದರು.

ನ್ಯಾಯಾಲಯದೊಳಗೆ ಆಗದ್ದನ್ನು ಸಂಸತ್ತು 1976ರಲ್ಲಿ 42ನೇ ತಿದ್ದುಪಡಿಯ ಮೂಲಕ ಮಾಡಹೊರಟಿತು. 59 ಕಲಮುಗಳ ಆ ತಿದ್ದುಪಡಿ, ತಿದ್ದುವ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲವೆಂದು 368ನೇ ವಿಧಿಯಲ್ಲೇ ಬರೆಯಿತು. ಮರು ವರ್ಷದ ಜನವರಿಯಲ್ಲಿ ಖನ್ನಾ ಅವರನ್ನೂ ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಅವರೂ ರಾಜೀನಾಮೆ ಕೊಟ್ಟು ಹೊರನಡೆದರು. ಮಾರ್ಚ್‌ನಲ್ಲಿ ಜನರೇ ಸರಕಾರವನ್ನು ಬದಲಿಸಿದರು. ಬೆಂಗಳೂರಿನಿಂದ ಗೆದ್ದ ಕೆ.ಎಸ್. ಹೆಗ್ಡೆ ಲೋಕಸಭೆಯ ಸ್ಪೀಕರ್ ಆದರು. ಅವರು ಆ ಪೀಠದಲ್ಲಿದ್ದಾಗಲೇ 1978ರ 44ನೇ ತಿದ್ದುಪಡಿ ಬಂದು ತುರ್ತುಪರಿಸ್ಥಿತಿಯ ಅನೇಕ ಬದಲಾವಣೆಗಳನ್ನು ಸರಿಪಡಿಸಿತು. ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ಹೊರಹೋಯಿತು. ಆದರೆ 368ನೇ ವಿಧಿಗೆ ಸೇರಿಸಿದ ಆ ಸಾಲುಗಳು ಹಾಗೆಯೇ ಉಳಿದವು.

ಅವನ್ನು ಅಳಿಸಿದ್ದು ಬೆಂಗಳೂರಿನ ಬಟ್ಟೆ ಗಿರಣಿಯೊಂದರ ಮೊಕದ್ದಮೆ. ಕಾಯಿಲೆ ಬಿದ್ದ ಉದ್ಯಮವೆಂದು ಸರಕಾರ ವಶಪಡಿಸಿಕೊಂಡಿದ್ದ ಮಿನರ್ವ ಮಿಲ್ಸ್ ಪರವಾಗಿ ಪಾಲ್ಖಿವಾಲಾ ಮತ್ತೆ ನಿಂತರು. 1980ರಲ್ಲಿ ಆ ಪೀಠದ ಮುಂದಾಳು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್. ಏಳು ವರ್ಷಗಳ ಹಿಂದೆ ಮಿತಿಯನ್ನು ಒಪ್ಪದ ಅವರೇ ಈಗ ಆ ಸಾಲುಗಳು ಅಸಿಂಧುವೆಂದು ಬರೆದರು. ಗಿರಣಿ ಮಾಲೀಕರ ಕೈಗೆ ಮರಳಲಿಲ್ಲ. ತತ್ವ ಮಾತ್ರ ದೇಶಕ್ಕೆ ದಕ್ಕಿತು.

ಇಷ್ಟು ಸೋಲುಗಳ ಕೊನೆಗೆ ಕಂಡದ್ದು ಇಷ್ಟೇ. ಜನ ತಮಗೆ ತಾವೇ ಸಂವಿಧಾನ ಕೊಟ್ಟುಕೊಂಡರು. ಆ ಸಂವಿಧಾನ ಸಂಸತ್ತಿಗೆ ತಿದ್ದುವ ಅಧಿಕಾರ ಕೊಟ್ಟಿತು. ಕೊಟ್ಟದ್ದರಿಂದ ಬಂದ ಅಧಿಕಾರ ಕೊಟ್ಟದ್ದನ್ನೇ ಮುಗಿಸಲಾರದು. ಮಿತಿಯುಳ್ಳ ಅಧಿಕಾರವನ್ನು ಬಳಸಿ ಆ ಮಿತಿಯನ್ನೇ ತೆಗೆದುಹಾಕಲಾಗದು, ಏಕೆಂದರೆ ಆ ಮಿತಿಯೂ ಮೂಲ ಸಂರಚನೆಯ ಒಂದು ಭಾಗ. ಆ ಸಂರಚನೆಯಲ್ಲಿ ಏನೇನಿದೆ ಎಂಬುದನ್ನು ನ್ಯಾಯಾಲಯ ಪ್ರಕರಣದಿಂದ ಪ್ರಕರಣಕ್ಕೆ ಗುರುತಿಸುತ್ತ ಬಂತು: ಪ್ರಜಾಪ್ರಭುತ್ವ, ಒಕ್ಕೂಟ ವ್ಯವಸ್ಥೆ, ನ್ಯಾಯಾಂಗದ ಪರಾಮರ್ಶೆ, ಮತ್ತು 1994ರಲ್ಲಿ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ ಒತ್ತಿಹೇಳಿದ ಜಾತ್ಯತೀತತೆ. 1989ರಲ್ಲಿ ಬಾಂಗ್ಲಾದೇಶದ ಸುಪ್ರೀಂ ಕೋರ್ಟೂ ಈ ತತ್ವವನ್ನು ಸ್ವೀಕರಿಸಿತು. ಈ ಎಲ್ಲೆ ಸಂವಿಧಾನವನ್ನು ಕಲ್ಲಾಗಿಸಲಿಲ್ಲ. 2023ರ ಹೊತ್ತಿಗೆ 106 ತಿದ್ದುಪಡಿಗಳಾದವು. ಭೂಸುಧಾರಣೆ ನಡೆಯಿತು, ಮತದಾನದ ವಯಸ್ಸು 18ಕ್ಕೆ ಇಳಿಯಿತು, ಪಂಚಾಯಿತಿಗಳಿಗೆ ಸಂವಿಧಾನದ ಬಲ ಬಂತು. ಎಲ್ಲವನ್ನೂ ಇಂದೇ ಬದಲಿಸುವ ಅಧಿಕಾರವನ್ನು ಒಂದು ಬಹುಮತಕ್ಕೆ ನಿರಾಕರಿಸಿದ್ದರಿಂದಲೇ, ಮುಂದಿನ ಬಹುಮತಕ್ಕೂ ಅದರ ಮುಂದಿನದಕ್ಕೂ ಬದಲಿಸುವ ಅವಕಾಶ ಉಳಿದಿದೆ.