ಅವ್ವನ ಮಾತು, ಯಂತ್ರದ ಕಿವಿ

ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರಿಗೂ ಕಲಬುರಗಿಯಿಂದ ಬಂದಿದ್ದ ಅವ್ವನಿಗೂ ನಡುವೆ ನಾನೇ ದುಭಾಷಿ.

“ಮುಂಜಾನೆ ಕೈ ಹಿಡ್ಕೊಂಡಂಗ ಆಗ್ತದ, ಬಿಸಿಲು ಏರೋತನ ರೊಟ್ಟಿ ಬಡಿಯಾಕ ಬರಂಗಿಲ್ಲ” ಅಂದಳು ಅವ್ವ. ನಾನು ತೆಲುಗಿನಲ್ಲಿ “ಚೇತುಲು ನೊಪ್ಪಿ” ಎಂದು ಮುಗಿಸಿಬಿಟ್ಟೆ. “ಬೆಳಗ್ಗೆ ಬಿಗಿತ ಎಷ್ಟು ಹೊತ್ತು?” ಎಂದು ಡಾಕ್ಟರು ಕೇಳಿದಾಗಲೇ ನನ್ನ ತಪ್ಪು ತಿಳಿದದ್ದು. ಗಂಟೆ ಮೀರುವ ಬಿಗಿತ ಮೂಳೆ ಸವೆತಕ್ಕಿಂತ ರುಮಟಾಯ್ಡ್ ಸಂಧಿವಾತದ ಸುಳಿವು.

ಸಾಫ್ಟ್‌ವೇರಿನವನಾದ ನನಗೆ ‘ಎಐ/ರೂಮ್’ ನೆನಪಾಯಿತು. 1980ರ ದಶಕದಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪರಿಣತ ವ್ಯವಸ್ಥೆ ಅದು. ರೋಗಿಯ ಲಕ್ಷಣಗಳನ್ನು ತಜ್ಞರ ನಿಯಮಗಳಿಗೆ ಹೋಲಿಸಿ, ಸಂಧಿವಾತ ಖಚಿತವೋ, ಸಂಭವವೋ, ಬರೀ ಶಂಕೆಯೋ ಎಂದು ಹೇಳುತ್ತಿತ್ತು.

ಅದಕ್ಕೂ ಲಕ್ಷಣಗಳನ್ನು ಯಾರೋ ತುಂಬಬೇಕು. ನಾನು ‘ನೋವು’ ಎಂದಷ್ಟೇ ತುಂಬಿದ್ದರೆ? ಈಗ ಅವ್ವನ ಮಾತನ್ನು ಇದ್ದಂತೆಯೇ ಬರೆದುಕೊಂಡು ಹೋಗುತ್ತೇನೆ. ನೀವೂ ಹಾಗೇ ಮಾಡಿ.