ಗಂಟೆಗೆ ಹತ್ತು ಹಕ್ಕಿ, ಮೀಟರಿಗೆ ಆರು ಘನ ಮೀಟರ್ ಮಣ್ಣು

ರಾಜಸ್ಥಾನದ ಥಾರ್ ಮರುಭೂಮಿಯ 4,200 ಚದರ ಕಿ.ಮೀ. ಪ್ರದೇಶದಲ್ಲಿ ವಿದ್ಯುತ್ ತಂತಿಗಳಿಂದಾಗಿ ವರ್ಷಕ್ಕೆ ಸುಮಾರು 84,000 ಹಕ್ಕಿಗಳು ಸಾಯುತ್ತವೆ. ಇದು ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯ ಅಂದಾಜು. ಭಾಗಿಸಿ ನೋಡಿದರೆ ದಿನಕ್ಕೆ 230, ಗಂಟೆಗೆ ಹೆಚ್ಚುಕಡಿಮೆ ಹತ್ತು. ಹಗಲು ರಾತ್ರಿ, ವರ್ಷವಿಡೀ.

ಆ ಲೆಕ್ಕದೊಳಗೆ ಎರೆಭೂತವೂ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇದೆ. ಗಂಡು ಹಕ್ಕಿ ಹದಿನೈದು ಕೆ.ಜಿ.ವರೆಗೂ ತೂಗುತ್ತದೆ. ಕಣ್ಣುಗಳು ತಲೆಯ ಎರಡು ಪಕ್ಕಕ್ಕಿರುವುದರಿಂದ ಸುತ್ತಲಿನದೆಲ್ಲ ಕಾಣುತ್ತದೆ, ನೇರ ಎದುರಿಗಿರುವುದು ಮಾತ್ರ ಸರಿಯಾಗಿ ಕಾಣದು. ತಂತಿ ಕಣ್ಣಿಗೆ ಬೀಳುವಷ್ಟರಲ್ಲಿ ಅದು ತೀರಾ ಹತ್ತಿರ ಬಂದಿರುತ್ತದೆ. ಅಷ್ಟು ಭಾರದ ಮೈ ತಟ್ಟನೆ ಪಕ್ಕಕ್ಕೆ ಹೊರಳದು. ಇಂಥ ಹಕ್ಕಿಗಳು ನಿಸರ್ಗದಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು. ಬಹುಪಾಲು ಜೈಸಲ್ಮೇರ್ ಸುತ್ತಮುತ್ತ, ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು. ಹೆಣ್ಣು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ.

ಹಾಗಾದರೆ ತಂತಿಗಳನ್ನೆಲ್ಲ ನೆಲದಡಿ ಹೂತರಾಯಿತಲ್ಲ? ಸುಪ್ರೀಂ ಕೋರ್ಟ್ ಹೆಚ್ಚುಕಡಿಮೆ ಅದನ್ನೇ ಹೇಳಿತ್ತು. 1972ರ ವನ್ಯಜೀವಿ ಕಾಯ್ದೆಯ ಕರಡು ಬರೆದ ಎಂ.ಕೆ. ರಂಜಿತ್‌ಸಿಂಹ ಅವರ ಅರ್ಜಿಯ ಮೇಲೆ 2021ರ ಏಪ್ರಿಲ್ 19ರಂದು ಬಂದ ಆದೇಶ ಅದು. ಆದೇಶದ ವ್ಯಾಪ್ತಿ ಸುಮಾರು 99,000 ಚದರ ಕಿ.ಮೀ. ಕರ್ನಾಟಕದ ಅರ್ಧಕ್ಕಿಂತ ಹೆಚ್ಚು! 2024ರ ಮಾರ್ಚ್ 21ರಂದು ಕೋರ್ಟ್ ಅದನ್ನು ಸಡಿಲಿಸಿ, ಎಲ್ಲಿ ಹೂಳಬೇಕು, ಎಲ್ಲಿ ಬೇಡ ಎಂಬುದನ್ನು ತಜ್ಞರ ಸಮಿತಿಗೆ ಬಿಟ್ಟಿತು.

ಸಡಿಲಿಸಿದ್ದಕ್ಕೆ ದುಡ್ಡೊಂದೇ ಕಾರಣವಲ್ಲ. 400 ಕಿಲೋವೋಲ್ಟ್‌ನ ಕೇಬಲನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಗೊತ್ತಾಗುತ್ತದೆ. ನಡುವೆ ಮಣಿಕಟ್ಟಿನ ಗಾತ್ರದ ತಾಮ್ರದ ದಿಂಡು, ಅದರ ಸುತ್ತ ಎರಡೂವರೆ ಸೆಂಟಿಮೀಟರ್ ದಪ್ಪದ ಪ್ಲಾಸ್ಟಿಕ್ ಅವಾಹಕ, ಹೊರಗೆ ಲೋಹದ ಕವಚ. ಮೀಟರಿಗೆ ಸುಮಾರು 40 ಕೆ.ಜಿ. ತೂಕ. ಎರಡು ಲೋಹಗಳ ನಡುವೆ ಅವಾಹಕ ಇದ್ದರೆ ಅದು ಕೆಪಾಸಿಟರ್. ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುವ ಎಸಿ ವಿದ್ಯುತ್ತು ಇಡೀ ಕೇಬಲನ್ನು ತುಂಬಿಸುತ್ತ, ಬರಿದು ಮಾಡುತ್ತ ಇರಬೇಕು. ಅದಕ್ಕೇ ಕಿಲೋಮೀಟರಿಗೆ ಸುಮಾರು 14 ಆಂಪಿಯರ್ ಬೇಕು. ಗಾಳಿಯಲ್ಲಿ ತೂಗುವ ತಂತಿಗಾದರೆ ಒಂದು ಆಂಪಿಯರ್‌ಗೂ ಕಡಿಮೆ ಸಾಕು. ಅಂದರೆ 100 ಕಿ.ಮೀ. ಕೇಬಲ್ ತನ್ನನ್ನು ತಾನು ತುಂಬಿಕೊಳ್ಳುವುದಕ್ಕೇ 1,400 ಆಂಪಿಯರ್ ನುಂಗುತ್ತದೆ. ಇಂಥ ಕೇಬಲ್ ಹೊರಬಲ್ಲದ್ದೇ ಹೆಚ್ಚುಕಡಿಮೆ ಅಷ್ಟು. ಸಾಗಿಸಬೇಕಾದ ಸೋಲಾರ್ ಪಾರ್ಕಿನ ಕರೆಂಟಿಗೆ ಜಾಗವೇ ಉಳಿಯುವುದಿಲ್ಲ. ಉಳಿಸಬೇಕೆಂದರೆ ದಾರಿಯುದ್ದಕ್ಕೂ ಈ ತುಂಬಿಸುವ ಕರೆಂಟನ್ನು ಸರಿದೂಗಿಸುವ ರಿಯಾಕ್ಟರ್‌ಗಳಿರುವ ಸ್ಟೇಷನ್‌ಗಳನ್ನು ಕಟ್ಟಬೇಕು, ಅದೂ ಹಕ್ಕಿಯ ಹುಲ್ಲುಗಾವಲಿನ ನಟ್ಟನಡುವೆ.

ಇನ್ನು ಮಣ್ಣಿನ ಲೆಕ್ಕ. ಎರಡು ಸರ್ಕ್ಯೂಟಿಗೆ ಆರು ಕೇಬಲ್. ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಎರಡು ಕಾಲುವೆ ತೋಡುತ್ತೇವೆಂದುಕೊಳ್ಳೋಣ. ಪ್ರತಿ ಮೀಟರಿಗೆ ಆರು ಘನ ಮೀಟರ್ ಮಣ್ಣು ಮೇಲೆ ಬರುತ್ತದೆ. ನೂರು ಕಿ.ಮೀ.ಗೆ ಆರು ಲಕ್ಷ ಘನ ಮೀಟರ್, ಹತ್ತು ಘನ ಮೀಟರಿನ ಟಿಪ್ಪರ್‌ಗಳಲ್ಲಿ 60,000 ಲೋಡು. ಅದೇ ದೂರಕ್ಕೆ ಕಂಬದ ಲೈನಾದರೆ 400 ಮೀಟರಿಗೊಂದರಂತೆ 250 ಟವರ್, ಸಾವಿರ ಗುಂಡಿ. ಕೇಬಲಿಗಾದರೆ ಕಾಲುವೆಯ ಜೊತೆಗೆ ಯಂತ್ರ, ಲಾರಿ ಓಡಾಡಲು 30 ಮೀಟರ್ ಪಟ್ಟಿ ಬಿಡಿಸಿಕೊಂಡರೆ 300 ಹೆಕ್ಟೇರ್ ನೆಲ ತುಳಿತಕ್ಕೆ ಸಿಗುತ್ತದೆ. ಕೇಬಲಿನ ಒಂದೊಂದು ತುಂಡೂ ಅರ್ಧದಿಂದ ಒಂದು ಕಿ.ಮೀ. ಉದ್ದದ್ದು, ಅರ್ಧ ಕಿ.ಮೀ.ನದಾದರೆ 1,200ರಷ್ಟು ಜೋಡಣೆ. ಮುಂದೆ ಎಲ್ಲೇ ಕೆಟ್ಟರೂ ಮತ್ತೆ ಅಗೆಯಬೇಕು.

ಬಿಸಿಯ ಮಾತು ಬೇರೆಯೇ ಇದೆ. ಪೂರ್ತಿ ಲೋಡಿನಲ್ಲಿ ಒಂದೊಂದು ಕೇಬಲೂ ಮೀಟರಿಗೆ 30 ವ್ಯಾಟ್‌ನಷ್ಟು ಶಾಖ ಬಿಡುತ್ತದೆ. ಕಂಬದ ತಂತಿಯೂ ಬಿಸಿಯಾಗುತ್ತದೆ, ಆದರೆ ಆ ಬಿಸಿಯನ್ನು ಗಾಳಿ ಹೊತ್ತೊಯ್ಯುತ್ತದೆ. ಹೂತ ಕೇಬಲಿಗೆ ಮಣ್ಣೇ ಗತಿ, ಮಣ್ಣಿನ ತೇವವೇ ಶಾಖವನ್ನು ಸಾಗಿಸುವ ದಾರಿ. ಥಾರ್‌ನ ಒಣಮರಳು ಈ ಕೆಲಸಕ್ಕೆ ತೀರಾ ನಾಲಾಯಕ್ಕು. ಬಿಸಿ ಹೆಚ್ಚಿದಷ್ಟೂ ಇದ್ದಬದ್ದ ತೇವ ಆರುತ್ತದೆ, ಆರಿದಷ್ಟೂ ಕೇಬಲ್ ಕಾಯುತ್ತದೆ. ಅದಕ್ಕೇ ಮೂಲ ಮಣ್ಣನ್ನು ತೆಗೆದು, ಶಾಖ ಸಾಗಿಸುವ ಬೇರೆ ಮಿಶ್ರಣವನ್ನು ಹೊರಗಿನಿಂದ ತಂದು ತುಂಬಬೇಕಾಗುತ್ತದೆ. ಸೇವಣ್ ಹುಲ್ಲು ಬೇರುಬಿಟ್ಟಿದ್ದ ಪದರ ಅಲ್ಲಿಗೆ ಹೋಯಿತು.

ಇಷ್ಟೆಲ್ಲ ಹೇಳಿದ್ದು ತಂತಿಗಳು ಇದ್ದ ಹಾಗೇ ಇರಲಿ ಎನ್ನುವುದಕ್ಕಲ್ಲ. 765 ಮತ್ತು 400 ಕಿಲೋವೋಲ್ಟ್ ಲೈನುಗಳನ್ನು ಹಕ್ಕಿಯ ನೆಲೆಯಿಂದ ದೂರಕ್ಕೆ ಸರಿಸಬೇಕು. ಆದರೆ ಗಾಳಿಯಂತ್ರ, ಸೋಲಾರ್ ಘಟಕಗಳಿಂದ ಹೊರಡುವ 33 ಕಿಲೋವೋಲ್ಟ್ ಲೈನುಗಳ ಕಥೆಯೇ ಬೇರೆ. ಅವುಗಳ ಕೇಬಲ್ ತನ್ನನ್ನು ತುಂಬಿಕೊಳ್ಳಲು ಕಿಲೋಮೀಟರಿಗೆ ಒಂದೂವರೆ ಆಂಪಿಯರ್ ಕೇಳಿದರೆ ಹೆಚ್ಚು. ಕಾಲುವೆ ಒಂದು ಮೀಟರಿನ ಆಸುಪಾಸಿನ ಆಳ, ಅಗಲ ಅದರ ಅರ್ಧ. ಮಣ್ಣು ಮೀಟರಿಗೆ ಅರ್ಧ ಘನ ಮೀಟರ್. ಇವನ್ನು ಹೂಳಲು ಭೌತಶಾಸ್ತ್ರದ ಅಡ್ಡಿಯಿಲ್ಲ, ಹಕ್ಕಿ ಓಡಾಡುವ ಕಡೆ ಒಂದನ್ನೂ ಮೇಲೆ ಬಿಡಕೂಡದು. ಅಗೆಯುವುದು ಚಳಿಗಾಲದಲ್ಲಿ, ನೆಲದ ಮೇಲೆ ಮೊಟ್ಟೆ ಇಲ್ಲದ ತಿಂಗಳುಗಳಲ್ಲಿ ಮಾತ್ರ.